ಯಾಕೆ ಸುಮ್ನೆ?

(ಮೇ ತಿಂಗಳ ಕೊನೆಯ ಭಾನುವಾರ ಪುಣೆಯ ಕೊತ್ರೂಡಿನಲ್ಲಿ ನಮ್ಮ ಕನ್ನಡದವರು ಒಂದು ಸಭೆ ಇಟ್ಟುಕೊಂಡಿದ್ದರು, ಹನ್ನೆರಡನೇ ಕ್ಲಾಸು ಮುಗಿಸಿದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಅಂತ. ಅಲ್ಲಿ ನಾನು ಆಡಿದ ಮಾತು ಇದು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಆವತ್ತು ಬಾಯಿಗೆ ಬಾರದ ಕೆಲವು ಇಸವಿಗಳನ್ನು ಈಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಂಟಿ, ಅಂಕಲ್, ಮತ್ತೆ ಹಿಂದಿನ ಸಾಲಿನಲ್ಲಿ ಕೂತಿರುವ ತಂಗಿ ತಮ್ಮಂದಿರೇ.

ನಾನು ಈ ವರ್ಷ ಟಿ.ವೈ.ಬಿ.ಎ., ಅಂದರೆ ಬಿ.ಎ. ಮೂರನೇ ವರ್ಷ ಮುಗಿಸಿದೆ. ರಾಜ್ಯಶಾಸ್ತ್ರ. ಮೂರು ವರ್ಷದ ಎಲ್‌ಎಲ್‌ಬಿಗೆ ಸಿಇಟಿ ಬರೆದಿದ್ದೇನೆ, ಸೀಟು ಸಿಕ್ಕರೆ ಇದೇ ಊರಲ್ಲಿ ಸೇರುತ್ತೇನೆ. "ಹೇಗೆ ಆರಿಸಿದೆ ಅಂತ ಹೇಳು ಸಾಕು, ಮಕ್ಕಳಿಗೆ ಉಪಯೋಗ ಆಗುತ್ತದೆ" ಅಂತ ನನ್ನನ್ನು ಕರೆದವರು ಹೇಳಿದರು. ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ ಒಂದು ಸಿನಿಮಾ ನಿಂತುಹೋದ ಕತೆ ಹೇಳಬೇಕು. ನನ್ನ ಮಟ್ಟಿಗೆ ಎರಡೂ ಒಂದೇ ಕತೆ.

ಹೋದ ವರ್ಷದ ಮಾತು, ನಾನಾಗ ಎಸ್.ವೈ., ಅಂದರೆ ಎರಡನೇ ವರ್ಷ. ನಮ್ಮ ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿ ತಿಂಗಳಿಗೊಂದು ಭಾಷೆಯ ಸಿನಿಮಾ ತೋರಿಸುತ್ತಿದ್ದೆವು. ಬಂಗಾಳಿ ಆಯಿತು, ಮಲಯಾಳಂ ಆಯಿತು. ಕನ್ನಡದ ಸರದಿ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು 'ಸಂಸ್ಕಾರ' ಅಂದೆ. ಅನಂತಮೂರ್ತಿಯವರ ಕಾದಂಬರಿ ಅಮ್ಮನ ಕಪಾಟಿನಲ್ಲಿತ್ತು, ಓದಿದ್ದೆ. ಸಿನಿಮಾ ನಾನೂ ನೋಡಿರಲಿಲ್ಲ. ಮರಾಠಿ ಗೆಳೆಯರಿಗೆ ಅಗ್ರಹಾರ ಅಂದರೆ ಏನು, ಮಾಧ್ವರು ಅಂದರೆ ಯಾರು, ಹೆಣ ಎತ್ತದೆ ಯಾಕೆ ಊಟ ಮಾಡುವುದಿಲ್ಲ, ಇದನ್ನೆಲ್ಲ ವಿವರಿಸಿ ಒಂದು ಪುಟ ಮರಾಠಿಯಲ್ಲಿ ಬರೆದು, ಕಾಲೇಜಿನ ಎದುರಿನ ಅಂಗಡಿಯಲ್ಲಿ ನಲವತ್ತು ಝೆರಾಕ್ಸ್ ತೆಗೆಸಿದೆ. ನೋಟಿಸೂ ನಾನೇ ಬರೆದೆ, ನೀಲಿ ಸ್ಕೆಚ್ ಪೆನ್ನಿನಲ್ಲಿ, ಮರಾಠಿಯಲ್ಲೂ ಕನ್ನಡದಲ್ಲೂ. ನಮ್ಮ ಕಾಲೇಜಿನ ಬೋರ್ಡಿನ ಮೇಲೆ ಕನ್ನಡ ಅಕ್ಷರ ಬಂದದ್ದು ನಾನು ನೋಡಿದ ಹಾಗೆ ಅದೇ ಮೊದಲು. ಬುಧವಾರ ಸಂಜೆ ನಾಲ್ಕಕ್ಕೆ ಸಿನಿಮಾ.

ಮಂಗಳವಾರ ಸಂಜೆ ಸರ್ ನಮ್ಮನ್ನು ಕರೆದರು. ಹೊರಗಿನವರು ಯಾರೋ ಒಂದು ಕಾಗದ ಕೊಟ್ಟು ಹೋಗಿದ್ದರು. ಮೂರೇ ಸಾಲು. ಈ ಚಿತ್ರದಿಂದ ಒಂದು ಸಮುದಾಯದ ಧಾರ್ಮಿಕ ಭಾವನೆಗೆ ಧಕ್ಕೆ ಆಗುತ್ತದೆ, ತೋರಿಸಿದರೆ ಮುಂದೆ ಆಗುವುದಕ್ಕೆಲ್ಲ ಕಾಲೇಜೇ ಜವಾಬ್ದಾರಿ. ಯಾವ ದೃಶ್ಯದಿಂದ ಧಕ್ಕೆ, ಯಾವ ಮಾತಿನಿಂದ, ಒಂದಕ್ಷರ ಇಲ್ಲ. ನಮ್ಮ ಸರ್ ಒಳ್ಳೆಯವರು, ನನಗೆ ಎಷ್ಟೋ ಪುಸ್ತಕ ಕೊಟ್ಟವರು, ಇವತ್ತಿಗೂ ಅವರ ಮೇಲೆ ನನಗೆ ಗೌರವ ಇದೆ. ಅವರು ಆ ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟು, ತುಂಬಾ ಮೆತ್ತಗೆ "ಕಶಾಲಾ ಉಗಾಚ್, ಬಾಳಾ" ಅಂದರು.

ಪುಣೆಯಲ್ಲಿ ಇರುವ ನಮಗೆಲ್ಲ ಗೊತ್ತಿರುವ ಮಾತು, ಅಲ್ವಾ? ಯಾಕೆ ಸುಮ್ನೆ.

ಬ್ಯಾನ್ ಅಂತ ಯಾರೂ ಅನ್ನಲಿಲ್ಲ. ಆರ್ಡರ್ ಇಲ್ಲ, ಸಹಿ ಇಲ್ಲ, ವಾದ ಮಾಡೋಣ ಅಂದರೆ ಎದುರಿಗೆ ಒಬ್ಬ ಮನುಷ್ಯ ಇಲ್ಲ. ಬುಧವಾರ ಬೆಳಿಗ್ಗೆ ಹೋಗಿ ನೋಡಿದರೆ ಬೋರ್ಡಿನಲ್ಲಿ ನಾಲ್ಕು ಪಿನ್ನು ಹಾಗೇ ಇದ್ದವು, ಒಂದು ಪಿನ್ನಿಗೆ ಕಾಗದದ ಮೂಲೆ ಸಿಕ್ಕಿಕೊಂಡಿತ್ತು. ಅದರ ಮೇಲೆ ನೀಲಿಯ ಅರ್ಧ ಅಕ್ಷರ. ಆ ನಲವತ್ತು ಝೆರಾಕ್ಸ್ ಈಗಲೂ ಮನೆಯಲ್ಲಿವೆ. ಅಮ್ಮ ಅದರ ಹಿಂದೆ ಸಾಮಾನಿನ ಪಟ್ಟಿ ಬರೆಯುತ್ತಾರೆ.

ಈಗ ನನ್ನ ಅಜ್ಜನ ವಿಷಯ.

ಅಜ್ಜ ಉಡುಪಿಯ ಹತ್ತಿರದ ಒಂದು ಹಳ್ಳಿಯವರು. ಮಾಧ್ವರು, ಇವತ್ತಿಗೂ ಏಕಾದಶಿಗೆ ನೀರು ಬಿಟ್ಟರೆ ಏನೂ ಮುಟ್ಟುವುದಿಲ್ಲ. 1964ರಲ್ಲಿ ಮುಂಬೈಗೆ ಬಂದರು. ಆಗ ಅವರಿಗೆ ಹದಿನೆಂಟು. ಹಗಲು ಮಾಟುಂಗಾದ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆ. ಆಮೇಲೆ ಬಿ.ಕಾಂ., ಆಮೇಲೆ ಬ್ಯಾಂಕಿನ ಕೆಲಸ. ಇಲ್ಲಿ ಕೂತಿರುವ ಎಷ್ಟೋ ಮನೆಗಳ ಹಿರಿಯರ ದಾರಿ ಇದೇ. ಯಾವ ಕಾಲೇಜು ಒಳ್ಳೆಯದು ಅಂತ ಹೇಗೆ ಆರಿಸಿದಿರಿ ಅಂತ ಒಮ್ಮೆ ಕೇಳಿದೆ. "ರಾತ್ರಿ ಬಾಗಿಲು ತೆರೆದಿರುವ ಕಾಲೇಜು ಒಳ್ಳೆಯದು" ಅಂದರು. ನನ್ನ ಹಾಗೆ ನಾಲ್ಕು ಫಾರ್ಮ್ ಮುಂದಿಟ್ಟುಕೊಂಡು ಯೋಚಿಸುವ ಪುಣ್ಯ ಅವರಿಗಿರಲಿಲ್ಲ. ಇವತ್ತು ಆರಿಸುವ ಅವಕಾಶ ಇರುವ ನಾವು ಅದನ್ನು ಕಟ್‌ಆಫ್ ಮತ್ತು ಪ್ಯಾಕೇಜ್ ಎರಡೇ ನೋಡಿ ಮುಗಿಸಿಬಿಟ್ಟರೆ ಅವರಿಗೆ ಏನು ಹೇಳೋಣ?

1970ರಲ್ಲಿ 'ಸಂಸ್ಕಾರ' ಬಂದಾಗ ಅಜ್ಜನಿಗೆ ಇಪ್ಪತ್ನಾಲ್ಕು. ನೋಡಲಿಲ್ಲ. ನೋಡಬಾರದು ಅಂತ ಪ್ರತಿಜ್ಞೆಯ ಹಾಗೆ ಇಟ್ಟುಕೊಂಡಿದ್ದರು. "ನಮ್ಮವರನ್ನು ಬೈಯಲಿಕ್ಕೇ ತೆಗೆದ ಸಿನಿಮಾ" ಅಂತ ರೂಮಿನಲ್ಲಿ ಜೊತೆಗಿದ್ದ ಹುಡುಗರಿಗೂ ಹೇಳಿ ಹೋಗದ ಹಾಗೆ ಮಾಡಿದ್ದರಂತೆ. ಕಾಲೇಜಿನಲ್ಲಿ ಸಿನಿಮಾ ನಿಂತ ದಿನ ಅವರಿಗೆ ಖುಷಿಯಾಗುತ್ತದೆ ಅಂದುಕೊಂಡೇ ನಾನು ಸಿಟ್ಟಿನಿಂದ ಹೇಳಿದೆ. ಅವರು ಪೇಪರ್ ಕೆಳಗಿಟ್ಟು ಕೇಳಿದರು.

"ಅವ ನೋಡಿದ್ದಾನಾ?"

"ಯಾರು ಅಜ್ಜ?"

"ಕಾಗದ ಬರೆದವ."

"ನೋಡಿದ ಹಾಗಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನೋಡಿರಲಿಲ್ಲ ಮಾರಾಯ್ತಿ" ಅಂದರು.

ಆ ಶನಿವಾರ ಮನೆಯ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ಕೂತು ನೋಡಿದೆವು. ಕಪ್ಪು ಬಿಳುಪು. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸತ್ತು ಬಿದ್ದಿದ್ದಾನೆ, ಅವನ ಸಂಸ್ಕಾರ ಯಾರು ಮಾಡಬೇಕು ಅಂತ ತೀರ್ಮಾನವಾಗುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಅಜ್ಜ ತಮ್ಮಷ್ಟಕ್ಕೇ "ಹೌದು, ಹೆಣ ಎತ್ತುವ ತನಕ ನಮ್ಮಲ್ಲೂ ಒಲೆ ಹಚ್ಚುತ್ತಿರಲಿಲ್ಲ" ಅಂದರು. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಅವನ ಸಂಸ್ಕಾರದ ಖರ್ಚಿಗೆ ಅಂತ ಮೈಮೇಲಿನ ಬಂಗಾರ ತೆಗೆದಿಡುತ್ತಾಳಲ್ಲ, ಅದನ್ನು ನೋಡಿ ಊರಿನವರ ಮನಸ್ಸು ಆಸೆಗೆ ಜಾರುತ್ತದಲ್ಲ, ಆಗ ಅಜ್ಜ ಎದ್ದು ಬಾಲ್ಕನಿಗೆ ಹೋದರು. ನಾನು ನಿಲ್ಲಿಸಿದೆ. ಹತ್ತು ನಿಮಿಷ ತುಳಸಿ ಗಿಡದ ಹತ್ತಿರ ನಿಂತಿದ್ದರು. ಇನ್ನು ಬರುವುದಿಲ್ಲ ಅಂದುಕೊಂಡೆ. ಬಂದರು, ಕನ್ನಡಕ ಒರೆಸಿಕೊಂಡರು, "ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಹಾಕು" ಅಂದರು.

ಕೊನೆಯವರೆಗೆ ನೋಡಿದರು. ಇಷ್ಟವಾಯಿತು ಅಂತ ಅನ್ನಲಿಲ್ಲ. ಊಟಕ್ಕೆ ಕೂತಾಗ ಹೇಳಿದ್ದು ಇಷ್ಟು: "ಆಗ ನೋಡದೆ ಸಿಟ್ಟು ಬಂದಿತ್ತು. ಈಗ ನೋಡಿ ಸಿಟ್ಟು ಬಂತು. ಇದು ಬೇರೆ ಸಿಟ್ಟು. ಇದರಲ್ಲಿ ಮಾತಾಡಲಿಕ್ಕೆ ಏನಾದರೂ ಇದೆ."

ಆಮೇಲೆ ಎರಡು ಗಂಟೆ ಮಾತಾಡಿದರು. ಅವರ ಊರಿನಲ್ಲಿ ಒಬ್ಬರನ್ನು ಜಾತಿಯಿಂದ ಹೊರಗೆ ಹಾಕಿದ ಕತೆ, ಆ ಮನೆಗೆ ಅವರ ಅಮ್ಮ ರಾತ್ರಿ ಹಿತ್ತಲಿನಿಂದ ಅಕ್ಕಿ ಕೊಟ್ಟ ಕತೆ. ಅಪ್ಪನಿಗೂ ಗೊತ್ತಿರಲಿಲ್ಲ ಇದೆಲ್ಲ. ಸಿನಿಮಾದಲ್ಲಿ ಎಲ್ಲಿ ತಪ್ಪಿದೆ ಅಂತಲೂ ಹೇಳಿದರು, ಮಾಧ್ವರ ಮನೆಯ ಆಚಾರ ಅವರಿಗೆ ಗೊತ್ತಿದ್ದಷ್ಟು ನನಗೆಲ್ಲಿ ಗೊತ್ತು? ಅವರಿಗೆ ನೋವಾಯಿತು, ನಾನು ಕಣ್ಣಾರೆ ನೋಡಿದೆ, ಅದು ನಿಜವಾದ ನೋವು. ಧಾರ್ಮಿಕ ಭಾವನೆ ಅನ್ನುವುದನ್ನು ಹಗುರವಾಗಿ ನೋಡುವವರ ಜೊತೆ ನಾನಿಲ್ಲ. ಆದರೆ ನೋವಾದ ಮನುಷ್ಯ ಎದ್ದು ಬಾಲ್ಕನಿಗೆ ಹೋಗಬಹುದು, ತಿರುಗಿ ಬರಬಹುದು, ಬಾರದೆಯೂ ಇರಬಹುದು. ಅದು ಅವರಿಗೆ ಬಿಟ್ಟದ್ದು. ಮೂರು ಸಾಲಿನ ಕಾಗದ ಬರೆದು ನಲವತ್ತು ಜನರ ಪರವಾಗಿ ಎದ್ದು ಹೋಗುವ ಹಕ್ಕು ಯಾರು ಕೊಟ್ಟರು?

ಈ ಪ್ರಶ್ನೆ ಹಿಡಿದುಕೊಂಡು ನಾನು ಓದಲು ಶುರುಮಾಡಿದೆ. ಕಾನೂನಿನ ಹುಚ್ಚು ಹಿಡಿದದ್ದು ಹಾಗೆ.

ಮೊದಲು ಗೊತ್ತಾದದ್ದು, 'ಸಂಸ್ಕಾರ' ನಿಂತುಹೋದದ್ದು ನಮ್ಮ ಕಾಲೇಜಿನಲ್ಲೇ ಮೊದಲಲ್ಲ. ಆಗ ಮದ್ರಾಸಿನಲ್ಲಿದ್ದ ಸೆನ್ಸಾರ್ ಮಂಡಳಿ ಅದನ್ನು ತಡೆದಿತ್ತು. ಆಮೇಲೆ ಕೇಂದ್ರದ ಮಟ್ಟದಲ್ಲಿ ಆ ತಡೆ ತೆರವಾಯಿತು. ತೆರವಾದ ಮೇಲೆ ಆ ವರ್ಷದ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಅದೇ ಮೊದಲ ಸಲ. ಅದರ ನಾಯಕ ಪ್ರಾಣೇಶಾಚಾರ್ಯನ ಪಾತ್ರ ಮಾಡಿದ ಗಿರೀಶ್ ಕಾರ್ನಾಡರು ನಾಲ್ಕು ವರ್ಷ ಆದ ಮೇಲೆ, 1974ರಲ್ಲಿ, ಇಲ್ಲೇ ಲಾ ಕಾಲೇಜ್ ರೋಡಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ, ಅಂದರೆ ಎಫ್‌ಟಿಐಐಗೆ ನಿರ್ದೇಶಕರಾಗಿ ಬಂದರು. ನಾವು ದಿನಾ ಬಸ್ಸಿನಲ್ಲಿ ದಾಟಿಹೋಗುವ ಗೇಟು.

ಅದೇ ಗೇಟಿನ ಒಳಗೆ ಮೊದಲು ಪ್ರಭಾತ್ ಸ್ಟುಡಿಯೋ ಇತ್ತು. 1935ರಲ್ಲಿ ವಿ. ಶಾಂತಾರಾಮ್ ಅಲ್ಲಿ ಸಂತ ಏಕನಾಥರ ಮೇಲೆ ಸಿನಿಮಾ ಮಾಡಿದರು, ಏಕನಾಥರಾಗಿ ಮರಾಠಿ ರಂಗಭೂಮಿಯ ನಟ ಬಾಲಗಂಧರ್ವ. ಅಸ್ಪೃಶ್ಯರ ಮನೆಯಲ್ಲಿ ಉಂಡ ಸಂತ ಏಕನಾಥ. ಚಿತ್ರದ ಹೆಸರು 'ಮಹಾತ್ಮಾ' ಅಂತ ಇತ್ತು, ಸೆನ್ಸಾರಿನವರ ತಗಾದೆಯಿಂದ 'ಧರ್ಮಾತ್ಮಾ' ಆಯಿತು. ಸಂತನ ಕತೆಗೇ ಹೀಗಾದರೆ! ಅದಕ್ಕೂ ಹಿಂದೆ, 1921ರಲ್ಲಿ, ಮುಂಬೈಯ ಕೊಹಿನೂರ್ ಕಂಪನಿಯ 'ಭಕ್ತ ವಿದುರ' ಬಂದಿತ್ತು. ಮಹಾಭಾರತದ ವಿದುರ ತಲೆಗೆ ಗಾಂಧಿ ಟೋಪಿ ಹಾಕಿಕೊಂಡ ಹಾಗೆ ಕಂಡ ಅಂತ ಮದ್ರಾಸಿನಲ್ಲೂ ಕರಾಚಿಯಲ್ಲೂ ಅದನ್ನು ತಡೆದರು. ದೇವರ ಕತೆ ಮತ್ತು ಸೆನ್ಸಾರು, ಎರಡೂ ಜೊತೆಜೊತೆಯಾಗಿಯೇ ನೂರು ವರ್ಷ ದಾಟಿ ಬಂದಿವೆ ನಮ್ಮ ದೇಶದಲ್ಲಿ.

ಕಾನೂನು ಏನನ್ನುತ್ತದೆ? ಸ್ವಲ್ಪ ತಾಳ್ಮೆಯಿಂದ ಕೇಳಿ, ಇದು ನನಗೆ ಬಹಳ ಮುಖ್ಯ. ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಅದಕ್ಕೆ ಯಾವ ಯಾವ ಕಾರಣಕ್ಕೆ ಮಿತಿ ಹಾಕಬಹುದು ಅಂತ 19(2)ರಲ್ಲಿ ಪಟ್ಟಿ ಇದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನನಷ್ಟ ಹೀಗೆ. ಆ ಪಟ್ಟಿಯನ್ನು ನಾನು ಬೆರಳಿಟ್ಟುಕೊಂಡು ಓದಿದೆ. ಅದರಲ್ಲಿ "ಧಾರ್ಮಿಕ ಭಾವನೆ" ಅನ್ನುವ ಪದ ಇಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 5ಬಿ ಕಲಮಿನಲ್ಲೂ ಇಲ್ಲ. ಅದು ಬರುವುದು ಕೆಳಗೆ, ಸೆನ್ಸಾರ್ ಮಂಡಳಿಗೆ ಸರ್ಕಾರ ಕೊಟ್ಟ 1991ರ ಮಾರ್ಗಸೂಚಿಯಲ್ಲಿ. ಜನಾಂಗ, ಧರ್ಮ ಅಥವಾ ಬೇರೆ ಗುಂಪುಗಳನ್ನು ಅವಹೇಳನ ಮಾಡುವ ದೃಶ್ಯ, ಮಾತು ಇರಬಾರದು ಅಂತ. ಅವಹೇಳನಕ್ಕೂ ಪ್ರಶ್ನೆ ಕೇಳುವುದಕ್ಕೂ ವ್ಯತ್ಯಾಸ ಇದೆ, ಅದನ್ನು ಗುರುತಿಸಲು ಸಿನಿಮಾ ಪೂರ್ತಿ ನೋಡಬೇಕು. ಇನ್ನು ಕ್ರಿಮಿನಲ್ ಕಾನೂನು ಇದೆ, ಮೊದಲು ಐಪಿಸಿ 295ಎ, ಈಗ ಭಾರತೀಯ ನ್ಯಾಯ ಸಂಹಿತೆಯ 299. ಅದು ಕೂಡ ಬೇಕಂತಲೇ, ಕೆಟ್ಟ ಉದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ.

ಸಿನಿಮಾವನ್ನು ತೋರಿಸುವ ಮುಂಚೆಯೇ ಸೆನ್ಸಾರ್ ಮಾಡುವುದು ಸರಿ ಅಂತ ಸುಪ್ರೀಂ ಕೋರ್ಟು ಒಪ್ಪಿದ್ದು ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಕೇಸಿನಲ್ಲಿ. ಅದೂ 1970, 'ಸಂಸ್ಕಾರ'ದ್ದೇ ವರ್ಷ. ನನಗೆ ಆ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ವಯಸ್ಸಿಗೆ ತಕ್ಕ ಸರ್ಟಿಫಿಕೇಟ್ ಕೊಡಲಿ, ಅದು ಬೇಕು. ಕತ್ತರಿ ಬೇರೆ ವಿಷಯ. ಆದರೆ 1989ರ ಇನ್ನೊಂದು ತೀರ್ಪು ಇದೆ, ರಂಗರಾಜನ್ ಕೇಸು. ಒಂದು ತಮಿಳು ಸಿನಿಮಾ, ಸರ್ಟಿಫಿಕೇಟ್ ಸಿಕ್ಕಿತ್ತು, ಗಲಾಟೆ ಆಗುತ್ತದೆ ಅಂತ ಹೈಕೋರ್ಟು ಅದನ್ನು ರದ್ದು ಮಾಡಿತ್ತು. ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದವರು ನಮ್ಮ ಕರ್ನಾಟಕದವರೇ, ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಮೆರವಣಿಗೆ ಮಾಡುತ್ತೇವೆ, ಹೊಡೆಯುತ್ತೇವೆ ಅಂದರು ಅಂತ ಒಬ್ಬರ ಬಾಯಿ ಮುಚ್ಚಿಸಿದರೆ ಅದು ಬೆದರಿಕೆಗೆ ಶರಣಾದ ಹಾಗೆ, ಸಿಟ್ಟಾದ ಜನರನ್ನು ತಡೆಯಲು ನಮ್ಮಿಂದ ಆಗುವುದಿಲ್ಲ ಅಂತ ಸರ್ಕಾರ ಹೇಳುವ ಹಾಗಿಲ್ಲ ಅನ್ನುವುದು ಅದರ ಸಾರ. ಆ ಪುಟಗಳನ್ನು ನಾನು ರಾತ್ರಿ ಒಂದು ಗಂಟೆಗೆ ಓದಿ ಮುಗಿಸಿದೆ. ನಮ್ಮ ಸರ್ ಡ್ರಾಯರಿನಲ್ಲಿ ಮಡಚಿಟ್ಟ ಕಾಗದಕ್ಕೆ ಉತ್ತರ ನಾನು ಹುಟ್ಟುವ ಎಷ್ಟೋ ವರ್ಷ ಮುಂಚೆಯೇ ಬರೆದಿಟ್ಟಿದ್ದರು. ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಮಂಗಳವಾರ ನಾನು ಸುಮ್ಮನೆ ತಲೆ ಆಡಿಸಿ ಹೊರಗೆ ಬರುತ್ತಿರಲಿಲ್ಲ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಸೆನ್ಸಾರ್ ಮಂಡಳಿಯ ಮೇಲೆ ತಕರಾರು ಇದ್ದರೆ ಹೋಗಲು 1983ರಿಂದ ಒಂದು ಟ್ರಿಬ್ಯೂನಲ್ ಇತ್ತು, ಹೈಕೋರ್ಟಿಗಿಂತ ಬೇಗ, ಖರ್ಚೂ ಕಡಿಮೆ. 2021ರಲ್ಲಿ ಅದನ್ನು ಮುಚ್ಚಿದರು. ಈಗ ನೇರ ಹೈಕೋರ್ಟು. ದೊಡ್ಡ ನಿರ್ಮಾಪಕ ಹೋಗುತ್ತಾನೆ. ಸಾಲ ಮಾಡಿ ಒಂದು ಸಿನಿಮಾ ತೆಗೆದ ಹುಡುಗಿ ಎಲ್ಲಿಂದ ಹೋಗುತ್ತಾಳೆ? ಅವಳು ಸ್ಕ್ರಿಪ್ಟ್ ಬರೆಯುವಾಗಲೇ "ಯಾಕೆ ಸುಮ್ನೆ" ಅಂದುಕೊಂಡು ಆ ದೃಶ್ಯ ಬಿಟ್ಟುಬಿಡುತ್ತಾಳೆ. ಬರೆಯದೇ ಹೋದ ಆ ದೃಶ್ಯಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಅದಕ್ಕೆ.

(ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಂಕಲ್ ಕೈ ಎತ್ತಿದರು. "ಎಲ್ಲ ಸರಿಯಮ್ಮ, ಆದರೆ ನಮ್ಮ ದೇವರ ಮೇಲೆ ಮಾತ್ರ ಯಾಕೆ ಸಿನಿಮಾ? ಬೇರೆಯವರ ತಂಟೆಗೆ ಹೋಗಲಿ ನೋಡೋಣ" ಅಂದರು. ಕೆಲವರು ಚಪ್ಪಾಳೆ ತಟ್ಟಿದರು. ನಾನು ಕೊಟ್ಟ ಉತ್ತರ ಇದು.)

ಅಂಕಲ್, ಇದೇ ಪ್ರಶ್ನೆಯನ್ನು ಅಜ್ಜನೂ ಕೇಳಿದ್ದರು, ಹಾಗಾಗಿ ನಾನು ಹುಡುಕಿದ್ದೇನೆ. ಪಕ್ಕದ ಗೋವಾ ತೆಗೆದುಕೊಳ್ಳಿ. 2006ರಲ್ಲಿ 'ದ ಡಾ ವಿಂಚಿ ಕೋಡ್' ಬಂದಾಗ ಕ್ರೈಸ್ತ ಸಂಘಟನೆಗಳ ವಿರೋಧದಿಂದ ಗೋವಾ ಸೇರಿ ಕೆಲವು ರಾಜ್ಯಗಳು ಅದನ್ನು ತಡೆದವು. ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಟ್ಟಾಗಿತ್ತು. ಆಂಧ್ರದ ಹೈಕೋರ್ಟು ಅಲ್ಲಿನ ತಡೆಯನ್ನು ರದ್ದು ಮಾಡಿತು. ಚಿತ್ರಕಲಾವಿದ ಎಂ.ಎಫ್. ಹುಸೇನರು, ಮುಂಬೈಯ ಬೀದಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆಯುತ್ತಾ ಬೆಳೆದವರು, 2004ರಲ್ಲಿ 'ಮೀನಾಕ್ಷಿ' ಅಂತ ಸಿನಿಮಾ ಮಾಡಿದರು. ಒಂದು ಹಾಡಿನಲ್ಲಿ ಕುರಾನಿನ ಪದಗಳಿವೆ ಅಂತ ಮುಸ್ಲಿಂ ಸಂಘಟನೆಗಳು ವಿರೋಧಿಸಿದವು, ಸಿನಿಮಾ ಥಿಯೇಟರಿನಿಂದ ವಾಪಸ್ ಹೋಯಿತು. ಅದೇ ಹುಸೇನರು ಬರೆದ ಪೇಂಟಿಂಗ್‌ಗಳ ಮೇಲೆ ಹಿಂದೂ ಸಂಘಟನೆಗಳು ಕೇಸು ಹಾಕಿದವು, ಅವರು ದೇಶ ಬಿಟ್ಟು ಹೋಗಿ 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಒಬ್ಬನೇ ಮನುಷ್ಯನಿಗೆ ಎರಡೂ ಕಡೆಯಿಂದ ಕಲ್ಲು.

2024ರಲ್ಲಿ 'ಹಮಾರೆ ಬಾರಹ್' ಅನ್ನುವ ಹಿಂದಿ ಸಿನಿಮಾ. ಮುಸ್ಲಿಮರನ್ನು ಕೆಟ್ಟದಾಗಿ ತೋರಿಸಿದೆ ಅನ್ನುವುದು ವಿರೋಧ. ಅದರ ಟ್ರೇಲರ್ ನೋಡಿ ನನಗೂ ಬೇಸರವಾಗಿತ್ತು. ಕರ್ನಾಟಕ ಸರ್ಕಾರ ಅದರ ಬಿಡುಗಡೆ ತಡೆಯಿತು. ಇಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಏನಾಯಿತು ಗೊತ್ತಾ? ನ್ಯಾಯಮೂರ್ತಿಗಳು ಕೂತು ಸಿನಿಮಾ ಪೂರ್ತಿ ನೋಡಿದರು. ಆಮೇಲೆ ಕೆಲವು ಬದಲಾವಣೆಗಳೊಂದಿಗೆ ಬಿಡುಗಡೆಗೆ ಬಿಟ್ಟರು. 1988ರಲ್ಲಿ ದೂರದರ್ಶನದ 'ತಮಸ್' ಧಾರಾವಾಹಿಗೆ ತಡೆ ಕೇಳಿದಾಗಲೂ ಇದೇ ಹೈಕೋರ್ಟಿನ ನ್ಯಾಯಮೂರ್ತಿಗಳು ನೋಡಿಯೇ ತೀರ್ಮಾನ ಮಾಡಿದ್ದರು. ನನ್ನ ಅಜ್ಜ ಮಾಡಿದ್ದೂ ಅದೇ. ನನಗೆ ಬೇಸರ ತಂದ ಸಿನಿಮಾಕ್ಕೂ ಆ ಹಕ್ಕು ಇದೆ ಅಂತ ನಾನು ಒಪ್ಪದಿದ್ದರೆ, 'ಸಂಸ್ಕಾರ'ಕ್ಕೆ ಅಂತ ಕೇಳಲು ನನಗೆ ಬಾಯಿ ಇರುವುದಿಲ್ಲ.

ಮತ್ತೆ ನಮ್ಮದೇ ಊರು. 2025ರ ಏಪ್ರಿಲ್ 11ಕ್ಕೆ, ಜ್ಯೋತಿಬಾ ಫುಲೆ ಹುಟ್ಟಿದ ದಿನ, ಅವರ ಮೇಲಿನ ಸಿನಿಮಾ 'ಫುಲೆ' ಬಿಡುಗಡೆ ಆಗಬೇಕಿತ್ತು. ಬ್ರಾಹ್ಮಣ ಸಂಘಟನೆಗಳ ಆಕ್ಷೇಪ ಬಂತು, ಸೆನ್ಸಾರ್ ಮಂಡಳಿ ಜಾತಿಯ ಹೆಸರುಗಳನ್ನು, 'ಪೇಶ್ವಾಯಿ' (ಪೇಶ್ವೆಗಳ ಆಡಳಿತ) ಅನ್ನುವ ಪದವನ್ನು ತೆಗೆಯಲು ಹೇಳಿತು, ಚಿತ್ರ ಏಪ್ರಿಲ್ 25ಕ್ಕೆ ಹೋಯಿತು. 1848ರಲ್ಲಿ ಸಾವಿತ್ರಿಬಾಯಿ ಮತ್ತು ಜ್ಯೋತಿಬಾ ಹುಡುಗಿಯರ ಶಾಲೆ ತೆರೆದ ಭಿಡೆ ವಾಡಾ ಇದ್ದದ್ದು ಇಲ್ಲೇ ಬುಧವಾರ ಪೇಟೆಯಲ್ಲಿ, 2023ರಲ್ಲಿ ಅದನ್ನು ಕೆಡವಿದರು. ನನ್ನ ಮಾರ್ಕ್ಸ್‌ಕಾರ್ಡಿನ ಮೇಲೆ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ ಅಂತ ಇರುತ್ತದೆ. ಅವರ ಹೆಸರಿನ ಸರ್ಟಿಫಿಕೇಟ್ ನನಗೆ ಬೇಕು, ಅವರು ಏನನ್ನು ಎದುರಿಸಿದರು ಅಂತ ಹೇಳುವ ಪದಗಳು ಮಾತ್ರ ಬೇಡ ಅಂದರೆ ಹೇಗೆ? ಶಾಲೆಗೆ ಹೋಗುವಾಗ ಆಕೆಯ ಮೇಲೆ ಸೆಗಣಿ ಎರಚುತ್ತಿದ್ದರು. ಆಗ ಆಕೆಯೂ "ಯಾಕೆ ಸುಮ್ನೆ" ಅಂದಿದ್ದರೆ ಈ ಸಭೆಯಲ್ಲಿ ನಾನು ನಿಂತಿರುತ್ತಿರಲಿಲ್ಲ.

ಈಗ ಕಾಲೇಜಿನ ವಿಷಯಕ್ಕೆ ಬರುತ್ತೇನೆ.

ನನ್ನ ಮುಂದೆ ನಾಲ್ಕು ದಾರಿ ಇದ್ದವು. ಎಫ್‌ಟಿಐಐ. ದಿಲ್ಲಿಯಲ್ಲಿ ಮಾಸ್ ಕಮ್ಯುನಿಕೇಶನ್ ಎಂ.ಎ. ಬೇರೆ ಊರಿನ ಒಂದು ಖಾಸಗಿ ವಿಶ್ವವಿದ್ಯಾಲಯ. ಮತ್ತೆ ಲಾ. ಅಪ್ಪನ ಮನಸ್ಸಿನಲ್ಲಿ ಐದನೆಯದೂ ಇತ್ತು, ಬ್ಯಾಂಕ್ ಪರೀಕ್ಷೆ. ನಾನು ಸಿನಿಮಾ, ಕೋರ್ಟು ಅಂತ ಮಾತು ತೆಗೆದಾಗಲೆಲ್ಲ ಅಪ್ಪ ಅನ್ನುತ್ತಿದ್ದದ್ದು "ಯಾಕೆ ಸುಮ್ನೆ ರಿಸ್ಕು ಮಗಳೇ?" ಪ್ರೀತಿಯಿಂದ ಅಂದ ಮಾತು. ನಮ್ಮ ಸರ್ ಅಂದದ್ದೂ ಪ್ರೀತಿಯಿಂದಲೇ. ಅದಕ್ಕೇ ಈ ಎರಡು ಪದಕ್ಕೆ ಎದುರು ಮಾತಾಡುವುದು ಇಷ್ಟು ಕಷ್ಟ.

ಆ ಖಾಸಗಿ ವಿಶ್ವವಿದ್ಯಾಲಯಕ್ಕೆ ಅಪ್ಪನೂ ನಾನೂ ಹೋಗಿ ನೋಡಿಬಂದೆವು. ಎಂಥಾ ಸ್ಟುಡಿಯೋ ಅಂತೀರಿ, ಹಸಿರು ಪರದೆ, ಸಾಲು ಸಾಲು ಕಂಪ್ಯೂಟರ್, ಕ್ಯಾಮರಾ ಮುಟ್ಟಲೂ ಹೆದರಿಕೆ. ಕರೆದುಕೊಂಡು ಹೋದ ಮೇಡಂ ಎಲ್ಲ ತೋರಿಸಿದರು. ನಾನು ಒಂದೇ ಪ್ರಶ್ನೆ ಕೇಳಿದೆ, "ಇಲ್ಲಿ ವಿದ್ಯಾರ್ಥಿಗಳು ತಾವೇ ಸಿನಿಮಾ ಆರಿಸಿ ತೋರಿಸಬಹುದಾ?" ಅವರು ನಕ್ಕು, "ಲಿಸ್ಟ್ ನಾವೇ ಕೊಡುತ್ತೇವೆ, ಕಾಂಟ್ರವರ್ಸಿ ಏನೂ ಇರುವುದಿಲ್ಲ, ಪೇರೆಂಟ್ಸ್ ಚಿಂತೆ ಮಾಡಬೇಕಾಗಿಲ್ಲ" ಅಂದರು. ಅಪ್ಪನ ಮುಖದಲ್ಲಿ ಸಮಾಧಾನ. ನನ್ನ ಮನಸ್ಸಿನಲ್ಲಿ ಆ ಫಾರ್ಮು ಅಲ್ಲೇ ಹರಿಯಿತು. ಬಸ್ಸಿನಲ್ಲಿ ಬರುವಾಗ ಅಪ್ಪನಿಗೆ ಅಜ್ಜನ ಮಾತು ಹೇಳಿದೆ. ನೋಡದೆ ಬಂದ ಸಿಟ್ಟಿನ ಹಾಗೆ, ನೋಡದೆ ಬಂದ ಮೆಚ್ಚುಗೆಯೂ ಟೊಳ್ಳೇ ಅಲ್ವಾ ಅಪ್ಪ, ಅಂದೆ. ಅಪ್ಪ ಏನೂ ಹೇಳಲಿಲ್ಲ. ಲೋಣಾವಳ ದಾಟಿದ ಮೇಲೆ "ಲಾ ಫೀಸು ಎಷ್ಟು?" ಅಂತ ಕೇಳಿದರು.

ಎಫ್‌ಟಿಐಐ ಫಾರ್ಮ್ ಅರ್ಧ ತುಂಬಿದ್ದೆ. ಅದು ನಿಜವಾಗಲೂ ದೊಡ್ಡ ಜಾಗ. ಗಿರೀಶ್ ಕಾಸರವಳ್ಳಿಯವರು ಅಲ್ಲಿಂದ ಬಂದವರು. ಅವರು ಮೊದಲು ಮಣಿಪಾಲದಲ್ಲಿ ಓದಿದ್ದು ಫಾರ್ಮಸಿ, ಇದನ್ನು ಅಪ್ಪ ಅಮ್ಮಂದಿರು ಕೇಳಿಸಿಕೊಳ್ಳಬೇಕು. ಔಷಧಿ ಓದಿದ ಹುಡುಗ ಪುಣೆಗೆ ಬಂದು ಸಿನಿಮಾ ಕಲಿತು 1977ರಲ್ಲಿ 'ಘಟಶ್ರಾದ್ಧ' ಮಾಡಿದರು, ಅದೂ ಅಗ್ರಹಾರದ ಕತೆ, ಅದಕ್ಕೂ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ. ಹದಿನೇಳಕ್ಕೆ ಆರಿಸಿದ್ದೇ ಕೊನೆ ಅಂತ ಏನಿಲ್ಲ. ನಾನು ಯಾಕೆ ಆ ಫಾರ್ಮ್ ಮುಗಿಸಲಿಲ್ಲ ಅಂದರೆ, ನನಗೆ ಸಿನಿಮಾ ತೆಗೆಯುವ ಕೈ ಇಲ್ಲ, ಅದು ಬೇರೆಯದೇ ವಿದ್ಯೆ. ನನಗೆ ಬೇಕಾದದ್ದು ಸಿನಿಮಾ ತೆಗೆದವರ ಪಕ್ಕದಲ್ಲಿ ಕಾಗದ ಹಿಡಿದು ನಿಲ್ಲುವುದು. ಆ ಸಾಲ ಮಾಡಿದ ಹುಡುಗಿ ಹೈಕೋರ್ಟಿನ ಮೆಟ್ಟಿಲು ಹತ್ತುವಾಗ ಜೊತೆಗೆ ಹತ್ತುವವರು ಬೇಕು. ದಿಲ್ಲಿ ದೂರ ಆಯಿತು, ಖರ್ಚೂ ಜಾಸ್ತಿ, ಅದನ್ನು ಎಳೆಯುವುದಿಲ್ಲ.

ಹಿಂದಿನ ಸಾಲಿನವರೇ, ನಿಮಗೆ ನಾನು ಹೇಳುವುದು ಇಷ್ಟು. ಈಗ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಇದೆ, 2022ರಿಂದ. ರ‍್ಯಾಂಕು, ಮಾರ್ಕು, ಫೀಸು, ಹಾಸ್ಟೆಲು, ಇದೆಲ್ಲ ನೋಡಲೇಬೇಕು, ನಮ್ಮ ಮನೆಗಳಲ್ಲಿ ದುಡ್ಡು ಮರದಲ್ಲಿ ಬಿಡುವುದಿಲ್ಲ. ಅದರ ಜೊತೆಗೆ ಕಾಲೇಜಿಗೆ ಹೋದ ದಿನ ನೋಟಿಸ್ ಬೋರ್ಡಿನ ಮುಂದೆ ಐದು ನಿಮಿಷ ನಿಲ್ಲಿ. ಬರೀ ಫೀಸಿನ ಕೊನೆಯ ದಿನಾಂಕ ಇದೆಯಾ, ಅಥವಾ ಯಾರಾದರೂ ಕೈಯಲ್ಲಿ ಬರೆದು ಅಂಟಿಸಿದ್ದು ಏನಾದರೂ ಇದೆಯಾ? ಸೀನಿಯರ್ ಒಬ್ಬರನ್ನು ಹಿಡಿದು ಕೇಳಿ, ಇಲ್ಲಿ ಕೊನೆಯ ಸಲ ಏನು ರದ್ದಾಯಿತು, ರದ್ದು ಮಾಡಿದವರು ಕಾರಣ ಬರೆದು ಕೊಟ್ಟರಾ ಅಂತ. ಲೈಬ್ರರಿಯಲ್ಲಿ ನಿಮಗೆ ಇಷ್ಟವಿಲ್ಲದ ಪುಸ್ತಕ ಇದೆಯಾ ನೋಡಿ.

(ಕೊನೆಯಲ್ಲಿ ಒಬ್ಬಳು ಹುಡುಗಿ ಕೇಳಿದಳು, "ಅಕ್ಕ, ಆಮೇಲೆ ನಿಮ್ಮ ಕಾಲೇಜಿನಲ್ಲಿ ಆ ಸಿನಿಮಾ ತೋರಿಸಿದ್ರಾ?")

ಇಲ್ಲ, ಇನ್ನೂ ಇಲ್ಲ. ಮಾರ್ಚಿನಲ್ಲಿ ಕ್ಲಬ್ಬಿನ ಜೂನಿಯರ್‌ಗಳು ಮತ್ತೆ ಅರ್ಜಿ ಕೊಟ್ಟಿದ್ದಾರೆ. ಈ ಸಲ ಅದರ ಜೊತೆ ರಂಗರಾಜನ್ ತೀರ್ಪಿನ ಎರಡು ಪುಟ ಪಿನ್ ಮಾಡಿದ್ದೇವೆ. ಬೇಡ ಅನ್ನುವುದಾದರೆ ಯಾವ ದೃಶ್ಯಕ್ಕೆ ಅಂತ ಬರೆದು ಕೊಡಿ ಅಂತಲೂ ಕೇಳಿದ್ದೇವೆ. ಸರ್ ಅರ್ಜಿಯನ್ನು ಡ್ರಾಯರಿಗೆ ಹಾಕದೆ ಮೇಜಿನ ಮೇಲೆ ಗಾಜಿನ ಕೆಳಗೆ ಇಟ್ಟಿದ್ದಾರೆ, ನಾನು ನೋಡಿದೆ. ಕಾಲೇಜು ತೆರೆದ ವಾರ ಮತ್ತೆ ಹೋಗಿ ಕೇಳುತ್ತೇವೆ. ಒಪ್ಪಿದರೆ ಸಿನಿಮಾ ಆದ ಮೇಲೆ ಹದಿನೈದು ನಿಮಿಷ ಮಾತಾಡಲು ಅಜ್ಜ ಒಪ್ಪಿದ್ದಾರೆ. ತಮಗೆ ಯಾಕೆ ಸಿಟ್ಟು ಬಂತು ಅಂತ ಹೇಳುತ್ತಾರಂತೆ, ಮರಾಠಿಯಲ್ಲಿ.